ಟೆಕ್ಸಾಸ್‌ನ ತುತ್ತತುದಿಗೆ ಒಂದು ದಿನ: ಗ್ವಾಡಲೂಪ್ ಪೀಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆಯ ಕನ್ನಡಿಗರ ನಡುವೆ ಲಾಂಗ್ ವೀಕೆಂಡ್ ಹತ್ತಿರ ಬಂದಾಗೆಲ್ಲ ಈ ಬೆಟ್ಟದ ಮಾತು ಬರುತ್ತದೆ. ಪಾಟ್‌ಲಕ್ ಊಟದ ಹೊತ್ತಲ್ಲಿ, ವಾಟ್ಸಾಪ್‌ನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ, ಆದರೆ ನೀರು ಮತ್ತು ಗಾಳಿಯ ಉತ್ತರಗಳನ್ನು ಮಾತ್ರ ಬಿಡಬೇಡಿ.

## ಮೊದಲು ತಿಳಿಯಬೇಕಾದದ್ದು

ಈ ಗ್ವಾಡಲೂಪ್ ಪೀಕ್ ಎಲ್ಲಿದೆ? ಎಷ್ಟು ಎತ್ತರ?

ಪಶ್ಚಿಮ ಟೆಕ್ಸಾಸ್‌ನಲ್ಲಿ, ನ್ಯೂ ಮೆಕ್ಸಿಕೋ ಗಡಿಗೆ ಅಂಟಿಕೊಂಡಂತೆ ಇರುವ ಗ್ವಾಡಲೂಪ್ ಮೌಂಟನ್ಸ್ ನ್ಯಾಷನಲ್ ಪಾರ್ಕ್‌ನಲ್ಲಿದೆ. ಎತ್ತರ 8,751 ಅಡಿ, ಅಂದರೆ 2,667 ಮೀಟರ್. ಇಡೀ ಟೆಕ್ಸಾಸ್‌ನಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ಸುತ್ತ ಇರುವುದು ಚಿವಾವಾ ಮರುಭೂಮಿ. ದಾರಿ ಹೋಗಿ ಬರಲು 8.4 ಮೈಲಿ, ಸುಮಾರು 13.5 ಕಿಲೋಮೀಟರ್. ಹತ್ತಬೇಕಾದದ್ದು ಸುಮಾರು 3,000 ಅಡಿ. ಹೆಚ್ಚಿನವರಿಗೆ 6ರಿಂದ 8 ಗಂಟೆ ಬೇಕು.

ಮರುಭೂಮಿ ಅಂದ್ರೆ ಬರೀ ಮರಳಾ?

ಅಲ್ಲ. ಮರಳಿನ ದಿಬ್ಬಗಳೂ ಇವೆ, ಆದರೆ ಅವು ಬೆಟ್ಟದ ಪಶ್ಚಿಮಕ್ಕೆ, ಕೆಳಗಿನ ಬಯಲಿನಲ್ಲಿ. ನೀವು ನಡೆಯುವುದು ಸುಣ್ಣಕಲ್ಲಿನ ಬೆಟ್ಟದ ಮೇಲೆ. ಕೆಳಗೆ ಕತ್ತಾಳೆ ಜಾತಿಯ ಗಿಡಗಳು, ಪಾಪಾಸುಕಳ್ಳಿ, ಕುರುಚಲು. ಮೇಲೆ ಹೋದಂತೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಪೈನ್ ಮತ್ತು ಡಗ್ಲಸ್ ಫರ್ ಮರಗಳು.

ಈ ಬೆಟ್ಟ ಒಂದು ಕಾಲದಲ್ಲಿ ಸಮುದ್ರದ ಒಳಗಿತ್ತು. ಸುಮಾರು 26 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಕಾಲದಲ್ಲಿ, ಸ್ಪಂಜು ಮತ್ತು ಪಾಚಿಯಂಥ ಜೀವಿಗಳು ಸೇರಿ ಕಟ್ಟಿದ ದಿಬ್ಬ ಇದು. ಸಮುದ್ರ ಬತ್ತಿತು, ದಿಬ್ಬ ಮಣ್ಣಿನಡಿ ಹೂತುಹೋಯಿತು, ಬಹಳ ಕಾಲದ ಮೇಲೆ ನೆಲ ಮೇಲೆದ್ದು ಮತ್ತೆ ಹೊರಬಂತು. ದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುವಾಗ ಪಕ್ಕದ ಕಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪಳೆಯುಳಿಕೆ ಕಂಡರೂ ಕಾಣಬಹುದು. ಎತ್ತಿಕೊಂಡು ಬರುವಂತಿಲ್ಲ, ಅದು ಕಾನೂನಿಗೆ ವಿರುದ್ಧ.

ಕುಮಾರ ಪರ್ವತ ಹತ್ತಿದ್ದೀವಿ. ಇದು ಅದಕ್ಕಿಂತ ಸುಲಭ ಅಲ್ವಾ?

ಕಾಲಿಗೆ ಸುಲಭ, ಉಳಿದದ್ದಕ್ಕೆ ಅಲ್ಲ. ಕುಕ್ಕೆಯಿಂದ ಕೆಪಿ ಹತ್ತುವಾಗ ಏರು 1,500 ಮೀಟರಿಗೂ ಜಾಸ್ತಿ. ಇಲ್ಲಿ 900 ಚಿಲ್ಲರೆ ಮಾತ್ರ. ಆದರೆ ಇಲ್ಲಿ ಕಾರ್ ನಿಲ್ಲಿಸುವ ಜಾಗವೇ ಸುಮಾರು 1,770 ಮೀಟರ್ ಎತ್ತರದಲ್ಲಿದೆ. ಕೆಪಿಯ ತುದಿ 1,712 ಮೀಟರ್. ಅಂದರೆ ಅಲ್ಲಿ ಮುಗಿದ ಎತ್ತರದಿಂದ ಇಲ್ಲಿ ಶುರು.

ಇನ್ನೊಂದು ವ್ಯತ್ಯಾಸ ಇನ್ನೂ ದೊಡ್ಡದು. ಕೆಪಿಯಲ್ಲಿ ಮೊದಲ ಅರ್ಧ ಕಾಡಿನ ನೆರಳು ಇರುತ್ತದೆ, ಗಿರಿಗದ್ದೆಯಲ್ಲಿ ಊಟ, ನೀರು ಸಿಗುತ್ತದೆ. ಇಲ್ಲಿ ಹಾಗೇನೂ ಇಲ್ಲ. ದಾರಿಯುದ್ದಕ್ಕೂ ಒಂದು ತೊಟ್ಟು ನೀರು ಸಿಗುವುದಿಲ್ಲ. ಕೆಪಿ ಹತ್ತಿದವರಲ್ಲಿ ಎಷ್ಟೋ ಜನ ಎರಡು ಬಾಟಲಿ ಹಿಡಿದು ಹೊರಡುತ್ತಾರೆ. ನನ್ನ ತಕರಾರು ಇರುವುದು ಅದರ ಬಗ್ಗೆಯೇ.

ಪರ್ಮಿಟ್ ಬೇಕಾ? ಖರ್ಚೆಷ್ಟು?

ಬೆಳಿಗ್ಗೆ ಹೋಗಿ ಸಂಜೆ ಬರುವುದಕ್ಕೆ ಪರ್ಮಿಟ್ ಬೇಡ. ಪ್ರವೇಶ ಶುಲ್ಕ 16 ವರ್ಷ ದಾಟಿದ ಒಬ್ಬೊಬ್ಬರಿಗೆ 10 ಡಾಲರ್, 7 ದಿನ ನಡೆಯುತ್ತದೆ. ನ್ಯಾಷನಲ್ ಪಾರ್ಕ್‌ಗಳ ವಾರ್ಷಿಕ ಪಾಸ್ ಇದ್ದರೆ ಅದೇ ಸಾಕು. ಬೆಟ್ಟದ ಮೇಲೆ ಟೆಂಟ್ ಹಾಕಿ ಮಲಗುವುದಾದರೆ ಮಾತ್ರ ಬೇರೆ ಪರ್ಮಿಟ್ ತೆಗೆದುಕೊಳ್ಳಬೇಕು.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಮತ್ತು ನವೆಂಬರ್ ಆರಂಭ. ಇದರಲ್ಲಿ ನನಗೆ ಅನುಮಾನವಿಲ್ಲ. ಮಾರ್ಚ್, ಏಪ್ರಿಲ್ ಹಿತವಾಗಿದ್ದರೂ ಗಾಳಿಯ ಕಾಲ. ಬೇಸಿಗೆಯಲ್ಲಿ ಕೆಳಗೆ 30 ಡಿಗ್ರಿ ಆಸುಪಾಸು ಇರುತ್ತದೆ, ಕೇಳಲು ಅಷ್ಟೇನೂ ಅನ್ನಿಸುವುದಿಲ್ಲ. ಆದರೆ ಮೊದಲ ಒಂದೂವರೆ ಮೈಲಿಯ ಬಿಳಿ ಕಲ್ಲು ಬಿಸಿಲನ್ನು ಮುಖಕ್ಕೇ ಎಸೆಯುತ್ತದೆ. ಚಳಿಗಾಲದಲ್ಲಿ ಜನ ಕಮ್ಮಿ, ಆಕಾಶ ನಿಚ್ಚಳ, ಆದರೆ ಕಾಡಿನ ಭಾಗದಲ್ಲಿ ಹಿಮ, ಮಂಜುಗಡ್ಡೆ ಉಳಿದಿರಬಹುದು.

## ತಲುಪುವುದು, ಉಳಿಯುವುದು

ಡಲ್ಲಾಸ್‌ನಿಂದ ಒಂದೇ ದಿನದಲ್ಲಿ ಹೋಗಿ ಹತ್ತಿ ಬರಬಹುದಾ?

ಬೇಡ. ಡಲ್ಲಾಸ್‌ನಿಂದಾಗಲಿ ಆಸ್ಟಿನ್‌ನಿಂದಾಗಲಿ ಹೋಗಲಿಕ್ಕೇ ಸುಮಾರು 8 ಗಂಟೆ ಡ್ರೈವಿಂಗ್. ಹ್ಯೂಸ್ಟನ್‌ನಿಂದ ಇನ್ನೂ ಜಾಸ್ತಿ. ರಾತ್ರಿಯಿಡೀ ಗಾಡಿ ಓಡಿಸಿ ಬೆಳಿಗ್ಗೆ ಹತ್ತಲು ಶುರು ಮಾಡುವ ಹುಡುಗರಿದ್ದಾರೆ. ಅವರಿಗೆ ಹತ್ತುವುದು ಕಷ್ಟವಾಗುವುದಿಲ್ಲ. ಅಪಾಯ ಇರುವುದು ಸಂಜೆ ವಾಪಸ್ ಬರುವಾಗ ಸ್ಟಿಯರಿಂಗ್ ಹಿಂದೆ. ಮೂರು ದಿನ ಇಟ್ಟುಕೊಳ್ಳಿ. ವಿಮಾನದಲ್ಲಿ ಬರುವವರಿಗೆ ಎಲ್ ಪ್ಯಾಸೊ ಹತ್ತಿರ, ಅಲ್ಲಿಂದ ಸುಮಾರು 110 ಮೈಲಿ.

ಹಿಂದಿನ ರಾತ್ರಿ ಎಲ್ಲಿ ಉಳಿದುಕೊಳ್ಳೋದು?

ದಾರಿ ಶುರುವಾಗುವ ಪೈನ್ ಸ್ಪ್ರಿಂಗ್ಸ್‌ನಲ್ಲೇ ಕ್ಯಾಂಪ್‌ಗ್ರೌಂಡ್ ಇದೆ. ಮೊದಲೇ ಆನ್‌ಲೈನ್‌ನಲ್ಲಿ ಕಾದಿರಿಸಬೇಕು. ಕುಡಿಯುವ ನೀರು, ಟಾಯ್ಲೆಟ್ ಇವೆ, ಸ್ನಾನಕ್ಕೆ ವ್ಯವಸ್ಥೆ ಇಲ್ಲ. ಸೌದೆ, ಇದ್ದಿಲು ಉರಿಸುವಂತಿಲ್ಲ, ಗ್ಯಾಸ್ ಸ್ಟವ್ ಮಾತ್ರ. ನನ್ನ ಮತ ಇದಕ್ಕೇ. ಒಂದು ರಾತ್ರಿ ಆ ಎತ್ತರದಲ್ಲಿ ಮಲಗಿದರೆ ದೇಹಕ್ಕೂ ಒಳ್ಳೆಯದು, ಬೆಳಿಗ್ಗೆ ಪಾರ್ಕಿಂಗ್ ಚಿಂತೆಯೂ ಇಲ್ಲ.

ಹೋಟೆಲ್ ಬೇಕೆಂದರೆ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಅಥವಾ ದಕ್ಷಿಣದ ವ್ಯಾನ್ ಹಾರ್ನ್. ಎರಡೂ ಒಂದು ಗಂಟೆ ದೂರ. ಪಾರ್ಕ್ ಒಳಗೆ ಪೆಟ್ರೋಲ್ ಇಲ್ಲ, ಹೋಟೆಲ್ ಇಲ್ಲ, ಊಟವೂ ಇಲ್ಲ. ಹೊರಡುವ ಊರಲ್ಲೇ ಟ್ಯಾಂಕ್ ತುಂಬಿಸಿಕೊಂಡು ಬನ್ನಿ.

ಫೋನ್ ಒಂದು ಟೈಮ್ ತೋರಿಸುತ್ತೆ, ಕಾರ್ ಇನ್ನೊಂದು. ಯಾವುದು ಸರಿ?

ಟೆಕ್ಸಾಸ್‌ನ ಹೆಚ್ಚಿನ ಭಾಗ ಸೆಂಟ್ರಲ್ ಟೈಮ್‌ನಲ್ಲಿದ್ದರೆ ಈ ಪಾರ್ಕ್ ಮೌಂಟನ್ ಟೈಮ್ ಪಾಲಿಸುತ್ತದೆ. ಒಂದು ಗಂಟೆ ಹಿಂದೆ. ವ್ಯಾನ್ ಹಾರ್ನ್‌ನಲ್ಲಿ ಉಳಿದವರು ಬೆಳಿಗ್ಗೆ 5ಕ್ಕೆ ಹೊರಟರೆ ಪಾರ್ಕ್ ತಲುಪಿದಾಗಲೂ 5 ಗಂಟೆಯೇ! ಕಾರ್ಲ್ಸ್‌ಬ್ಯಾಡ್ ಪಾರ್ಕ್‌ನ ಸಮಯದಲ್ಲೇ ಇದೆ. ಟವರ್ ಬದಲಾದಂತೆ ಫೋನ್ ಅತ್ತಿತ್ತ ಜಿಗಿಯುತ್ತಿರುತ್ತದೆ. ಆ ಒಂದು ದಿನ ಕೈಗಡಿಯಾರ ಕಟ್ಟಿ.

## ತಯಾರಿ

ನಮ್ಮೂರು ಚಪ್ಪಟೆ. ಬೆಟ್ಟಕ್ಕೆ ಅಭ್ಯಾಸ ಹೇಗೆ ಮಾಡೋದು?

ನಡಿಗೆ ಒಂದೇ ಸಾಲದು, ಹತ್ತಬೇಕು, ಅದಕ್ಕಿಂತ ಮುಖ್ಯವಾಗಿ ಇಳಿಯಬೇಕು. ಆಫೀಸಿನ ಪಾರ್ಕಿಂಗ್ ಗ್ಯಾರೇಜ್ ಮೆಟ್ಟಿಲು, ಹೈಸ್ಕೂಲ್ ಸ್ಟೇಡಿಯಂ ಮೆಟ್ಟಿಲು ಚೆನ್ನಾಗಿ ಕೆಲಸ ಮಾಡುತ್ತವೆ. ಆಸ್ಟಿನ್ ಕಡೆಯವರಿಗೆ ಎನ್ಚಾಂಟೆಡ್ ರಾಕ್ ಇದೆ. ಅದರ ಏರು 425 ಅಡಿ, 7 ಸಲ ಹತ್ತಿದರೆ ಲೆಕ್ಕ ಸರಿಹೋಗುತ್ತದೆ. ಒಂದೇ ದಿನ 7 ಸಲ ಬೇಡ. 3 ಸಲ ಹತ್ತಿ ಇಳಿದು ಮರುದಿನ ಮೊಣಕಾಲು ಏನು ಹೇಳುತ್ತದೆ ಕೇಳಿ. ಹೊರಡುವ ದಿನ ಹೊರುವಷ್ಟೇ ತೂಕ ಬೆನ್ನಿಗಿರಲಿ. 4 ಲೀಟರ್ ನೀರೇ 4 ಕಿಲೋ.

ಅಷ್ಟೊಂದು ನೀರು ನಿಜವಾಗ್ಲೂ ಬೇಕಾ? ಎರಡು ಲೀಟರ್ ಸಾಲಲ್ವಾ?

ಸಾಲದು. ಪಾರ್ಕಿನವರು ಹೇಳುವುದು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್. ಚಳಿಗಾಲದಲ್ಲಿ ಸ್ವಲ್ಪ ಉಳಿಯಬಹುದು, ಉಳಿಯಲಿ ಬಿಡಿ.

ಮಂಗಳೂರಿನಲ್ಲಿ ಹತ್ತು ಹೆಜ್ಜೆ ನಡೆದರೆ ಅಂಗಿ ಒದ್ದೆ, ಬೆವರು ಹೋಗುತ್ತಿರುವುದು ಗೊತ್ತಾಗುತ್ತದೆ. ಇಲ್ಲಿ ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಬಂದದ್ದೇ ಆವಿಯಾಗುತ್ತದೆ. ಮೈ ಒಣಗಿದ್ದಂತೆಯೇ ಇರುತ್ತದೆ, ಬಾಯಾರಿಕೆಯೂ ತಡವಾಗಿ ಬರುತ್ತದೆ. ಸಂಜೆ ಟೋಪಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ನೋಡಿದಾಗಲೇ ಎಷ್ಟು ಹೋಗಿದೆ ಎಂದು ಗೊತ್ತಾಗುವುದು. ಎತ್ತರದಲ್ಲಿ ಉಸಿರು ಜೋರಾಗುವುದರಿಂದ ಉಸಿರಿನ ಜೊತೆಗೂ ನೀರು ಹೋಗುತ್ತದೆ.

ಹಾಗಂತ ಬರೀ ನೀರನ್ನೇ ಗಟಗಟ ಕುಡಿಯುವುದೂ ತಪ್ಪು. ಉಪ್ಪಿಲ್ಲದೆ ನೀರು ತುಂಬಿಸಿಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಒಂದು ಬಾಟಲಿಯಲ್ಲಿ ಓಆರ್‌ಎಸ್ ಅಥವಾ ಉಪ್ಪು, ಸಕ್ಕರೆ ಹಾಕಿದ ನಿಂಬೆ ಶರಬತ್ತು ಇರಲಿ. ನಾನು ಇಟ್ಟುಕೊಂಡಿರುವ ನಿಯಮ ಹೀಗಿದೆ: ಅರ್ಧ ನೀರು ಮುಗಿದಿದೆ, ತುದಿ ಇನ್ನೂ ದೂರವಿದೆ ಅಂದರೆ ವಾಪಸ್. ಚರ್ಚೆ ಇಲ್ಲ. ಕಾರಿನಲ್ಲೂ ಇನ್ನೊಂದು ಗ್ಯಾಲನ್ ಬಿಟ್ಟಿರಿ.

ತಿನ್ನಲಿಕ್ಕೆ ಏನು ತಗೊಂಡು ಹೋಗೋದು? ಪುಳಿಯೋಗರೆ ಆಗುತ್ತಾ?

ಚೆನ್ನಾಗಿಯೇ ಆಗುತ್ತದೆ. ಉಪ್ಪು, ಎಣ್ಣೆ, ಹುಳಿ ಎಲ್ಲ ಇದೆ, ಬೇಗ ಹಾಳಾಗುವುದಿಲ್ಲ. ಚಪಾತಿಗೆ ಚಟ್ನಿಪುಡಿ ತುಪ್ಪ ಸವರಿ ಸುತ್ತಿಕೊಂಡರೆ ನಡೆಯುತ್ತಲೇ ತಿನ್ನಬಹುದು. ಕಡಲೆಬೀಜದ ಚಿಕ್ಕಿ, ಖರ್ಜೂರ, ನಿಪ್ಪಟ್ಟು ಜೇಬಿನಲ್ಲಿರಲಿ. ಮೊಸರನ್ನ ಕಾರಿನ ಕೂಲರ್‌ನಲ್ಲೇ ಇರಲಿ, ಇಳಿದು ಬಂದಾಗ ಅದಕ್ಕಿಂತ ರುಚಿ ಇನ್ನೊಂದಿಲ್ಲ. ತುದಿಯಲ್ಲಿ ಒಂದೇ ಸಲ ಹೊಟ್ಟೆ ತುಂಬ ತಿನ್ನಬೇಡಿ. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ. ಕಿತ್ತಳೆ ಸಿಪ್ಪೆ ಸಹ ಕೆಳಗೆ ಬರಬೇಕು. ಒಣ ಹವೆಯಲ್ಲಿ ಅದು ಬೇಗ ಕೊಳೆಯುವುದಿಲ್ಲ.

ಶೂ ಯಾವುದು? ಕೋಲು ಬೇಕಾ?

ಹಿಡಿತ ಚೆನ್ನಾಗಿರುವ, ಈಗಾಗಲೇ ಹಾಕಿ ಪಳಗಿಸಿದ ಶೂ. ಹೊಸದು ಬೇಡ. ದಾರಿ ತುಂಬ ಉರುಳುವ ಜಲ್ಲಿ, ಮೆಟ್ಟಿಲಿನಂಥ ಬಂಡೆಗಳು. ಇಳಿಯುವಾಗ ಎರಡು ಟ್ರೆಕ್ಕಿಂಗ್ ಪೋಲ್ ಇದ್ದರೆ ಮೊಣಕಾಲು ನಿಮ್ಮನ್ನು ನೆನೆಯುತ್ತದೆ. ಅಗಲ ಟೋಪಿಗೆ ಗಲ್ಲದ ದಾರ ಇರಲಿ, ಇಲ್ಲದಿದ್ದರೆ ಟೋಪಿ ನ್ಯೂ ಮೆಕ್ಸಿಕೋ ಸೇರುತ್ತದೆ. ಗಾಳಿ ತಡೆಯುವ ಜಾಕೆಟ್ ಮತ್ತು ಹೆಡ್‌ಲ್ಯಾಂಪ್ ಬೇಸಿಗೆಯಲ್ಲೂ ಬೇಕು.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರನ್ನೂ ಕರ್ಕೊಂಡು ಹೋಗಬಹುದಾ?

ಪಾರ್ಕಿಗೆ ಖಂಡಿತ ಕರೆದುಕೊಂಡು ಹೋಗಿ. ತುದಿಗೆ ಹೋಗುವ ಮಾತು ಬೇರೆ. ದಿನಾ ನಡೆಯುವ ಅಭ್ಯಾಸ ಇರುವ 65ರ ಹಿರಿಯರು 40ರ ಮಗನಿಗಿಂತ ಚೆನ್ನಾಗಿ ಹತ್ತುತ್ತಾರೆ. ಮೊಣಕಾಲು, ಹೃದಯ, ಬಿಪಿ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಇಲ್ಲದಿದ್ದರೆ ಮೆಕಿಟ್ರಿಕ್ ಕಣಿವೆ ಇದೆ. ಪ್ರಾಟ್ ಕ್ಯಾಬಿನ್ ತನಕ ಹೆಚ್ಚುಕಮ್ಮಿ ಸಮತಟ್ಟು, ಹೋಗಿ ಬರಲು ಸುಮಾರು 5 ಮೈಲಿ. ವಾಲೆಸ್ ಪ್ರಾಟ್ ಎಂಬ ಭೂವಿಜ್ಞಾನಿ ಕಟ್ಟಿಸಿದ ಕಲ್ಲಿನ ಮನೆ ಅದು. ಕಣಿವೆಯ ತನ್ನ ಜಮೀನನ್ನು ಅವರು ಪಾರ್ಕಿಗೆ ದಾನ ಕೊಟ್ಟರು. ಅಷ್ಟೂ ಬೇಡ ಅಂದರೆ ವಿಸಿಟರ್ ಸೆಂಟರ್‌ನಿಂದ ಪೈನರಿ ಎಂಬ ಚಿಕ್ಕ ದಾರಿ ಹಿಡಿಯಿರಿ. 1858ರಲ್ಲಿ ಶುರುವಾದ ಬಟರ್‌ಫೀಲ್ಡ್ ಅಂಚೆ ಗಾಡಿಗಳು ನಿಲ್ಲುತ್ತಿದ್ದ ತಂಗುದಾಣದ ಗೋಡೆಗಳು ಅಲ್ಲಿ ಉಳಿದಿವೆ.

ಮಕ್ಕಳ ಬಗ್ಗೆಯೂ ಇಷ್ಟೇ. 9-10 ವರ್ಷದ, ನಡೆದು ಗೊತ್ತಿರುವ ಮಗು ಹತ್ತುತ್ತದೆ. ಆದರೆ ದಾರಿಯಲ್ಲಿ ಪ್ರಪಾತದ ಅಂಚು ಇರುವ ಕಡೆ ಕೈ ಬಿಡಬೇಡಿ.

## ಬೆಟ್ಟದ ಮೇಲೆ

ಎಷ್ಟು ಗಂಟೆಗೆ ಶುರು ಮಾಡಬೇಕು?

ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮುಂಚೆ, ಸುಮಾರು 5 ಗಂಟೆಗೆ. ಉಳಿದ ಕಾಲದಲ್ಲಿ ಬೆಳಕು ಮೂಡುತ್ತಿದ್ದಂತೆ. ಹೊರಡುವ ಮೊದಲೇ ಹಿಂತಿರುಗುವ ಗಂಟೆಯನ್ನೂ ಗುಂಪಿನಲ್ಲಿ ಎಲ್ಲರ ಎದುರು ಹೇಳಿಬಿಡಿ. ಬೇಸಿಗೆಗೆ 11, ಚಳಿಗಾಲಕ್ಕೆ ಮಧ್ಯಾಹ್ನ 12:30 ಎಂದಿಟ್ಟುಕೊಳ್ಳಿ. ಆ ಹೊತ್ತಿಗೆ ಎಲ್ಲಿದ್ದೀರೋ ಅಲ್ಲಿಂದ ಇಳಿಯುವುದು. ಮೇಲೆ ಹೋದ ಮೇಲೆ ಈ ನಿರ್ಧಾರ ಮಾಡಲು ಹೋದರೆ "ಇನ್ನೇನು ಬಂದೇಬಿಡ್ತು" ಅನ್ನುವವರೇ ಗೆಲ್ಲುತ್ತಾರೆ.

ದಾರಿ ಹೇಗಿದೆ? ಎಲ್ಲಿ ಕಷ್ಟ?

ಮೊದಲ ಒಂದೂವರೆ ಮೈಲಿ ಕಷ್ಟ. ತಿರುವು ಮೇಲೆ ತಿರುವು, ನೆರಳಿಲ್ಲ, ಏರು ಕಡಿದು. ವಾಪಸ್ ಹೋಗೋಣ ಅನ್ನಿಸುವುದು ಇಲ್ಲೇ. ಇದನ್ನು ನಿಧಾನವಾಗಿ, ಮಾತಾಡುತ್ತ ಹತ್ತುವ ವೇಗದಲ್ಲಿ ದಾಟಿ. ಒಂದು ಮೂಲೆಯಲ್ಲಿ ಬಂಡೆಯ ಅಂಚಿನ ದಾರಿ ಕಿರಿದು, ಒಂದು ಕಡೆ ಪ್ರಪಾತ. ಅಲ್ಲಿ ಫೋಟೋ ಬೇಡ.

ಆಮೇಲೆ ಬೆಟ್ಟದ ಉತ್ತರ ಮೈಗೆ ಹೊರಳುತ್ತೀರಿ. ಮರಗಳು, ತಂಪು, ಏರೂ ಹದ. ಸುಮಾರು 3 ಮೈಲಿ ಆದಾಗ ಎದುರಿನ ನೆತ್ತಿ ನೋಡಿ ಬಂದೇಬಿಟ್ಟೆವು ಅಂದುಕೊಳ್ಳುತ್ತೀರಿ. ಅದು ಸುಳ್ಳು ತುದಿ. ಅದನ್ನು ದಾಟಿದ ಮೇಲೆ ಕ್ಯಾಂಪ್ ಜಾಗ, ಸ್ವಲ್ಪ ಇಳಿಜಾರು, ಒಂದು ಪುಟ್ಟ ಮರದ ಸೇತುವೆ, ಮತ್ತೆ ಕೊನೆಯ ಏರು. ತುದಿಗೆ ಸ್ವಲ್ಪ ಕೆಳಗೆ ಕುದುರೆ ಕಟ್ಟುವ ಕಂಬ ಇದೆ. ಹೌದು, ಇಲ್ಲಿಯವರೆಗೆ ಕುದುರೆ ಮೇಲೂ ಬರುತ್ತಾರೆ. ಕುದುರೆಗೆ ದಾರಿ ಇದೆ, ನಾಯಿಗೆ ಇಲ್ಲ.

ಉಸಿರು ಕಟ್ಟಿದ ಹಾಗೆ ಆಗುತ್ತೆ ಅಂತಾರೆ. ನಿಜಾನಾ?

ಸ್ವಲ್ಪ ನಿಜ. ಹ್ಯೂಸ್ಟನ್ ಸಮುದ್ರಮಟ್ಟದಲ್ಲಿದೆ. ತುದಿಯಲ್ಲಿ ಗಾಳಿಯ ಒತ್ತಡ ಅದರ ಮುಕ್ಕಾಲಿಗಿಂತ ಕೊಂಚ ಕಮ್ಮಿ. ಏದುಸಿರು, ಸಣ್ಣ ತಲೆನೋವು ಸಹಜ. ನಿಂತರೆ ಕಡಿಮೆಯಾಗಬೇಕು. ವಾಂತಿ, ತೂರಾಡುವ ನಡಿಗೆ, ಅಸಂಬದ್ಧ ಮಾತು ಕಂಡರೆ ಅದು ಎತ್ತರವೋ ಬಿಸಿಲೋ ಎಂದು ಲೆಕ್ಕ ಹಾಕುತ್ತ ಕೂರಬೇಡಿ. ನೆರಳಿಗೆ ತನ್ನಿ, ತಂಪು ಮಾಡಿ, 911ಕ್ಕೆ ಪ್ರಯತ್ನಿಸಿ, ಇಳಿಯುವ ಸ್ಥಿತಿಯಲ್ಲಿದ್ದರೆ ಇಳಿಸಿ.

ಗಾಳಿ ಅಷ್ಟು ಭಯಂಕರವಾ?

ಹೌದು. ಚಳಿಗಾಲ ಮತ್ತು ವಸಂತದಲ್ಲಿ ಇಲ್ಲಿ ಗಂಟೆಗೆ 80 ಮೈಲಿ, ಅಂದರೆ ಸುಮಾರು 130 ಕಿಲೋಮೀಟರ್ ದಾಟಿದ ಬೀಸುಗಳು ಬರುತ್ತವೆ. ಬಯಲಿನ ಮೇಲೆ ಅಡ್ಡಿಯಿಲ್ಲದೆ ಬರುವ ಗಾಳಿ ಈ ಗೋಡೆಯಂಥ ಬೆಟ್ಟಕ್ಕೆ ಬಡಿದು ಸಂದುಗಳಲ್ಲಿ ನುಗ್ಗುತ್ತದೆ. ಪಾರ್ಕಿಂಗ್‌ನಲ್ಲಿ ಹಿತವಾದ ತಂಗಾಳಿ ಇದ್ದರೂ ಮೇಲಿನ ಅಂಚಿನಲ್ಲಿ ನಿಲ್ಲಲಾಗದಂತೆ ಇರಬಹುದು.

ಹಿಂದಿನ ಸಂಜೆ ನ್ಯಾಷನಲ್ ವೆದರ್ ಸರ್ವಿಸ್‌ನ ಮುನ್ಸೂಚನೆ ನೋಡಿ. ಹತ್ತಿರದ ಊರಿನದ್ದಲ್ಲ, ಬೆಟ್ಟದ್ದೇ ನೋಡಬೇಕು. ಬೀಸು 50 ಮೈಲಿ ದಾಟುತ್ತದೆ ಎಂದಿದ್ದರೆ ನಾನು ತುದಿ ಬಿಟ್ಟು ಡೆವಿಲ್ಸ್ ಹಾಲ್ ಕಣಿವೆಗೆ ಹೋಗುತ್ತೇನೆ. ಪೈನ್ ಸ್ಪ್ರಿಂಗ್ಸ್‌ನಿಂದಲೇ ಅದಕ್ಕೂ ದಾರಿ. ಕೊನೆಗೆ ಸಿಗುವ ಕಲ್ಲಿನ ಓಣಿಯೂ ನೋಡುವಂತಿದೆ.

ಸಿಡಿಲು ಬಂದರೆ?

ಜುಲೈನಿಂದ ಸೆಪ್ಟೆಂಬರ್ ತನಕ ಮಧ್ಯಾಹ್ನದ ಗುಡುಗು ಮಳೆ ಮಾಮೂಲು. ಬೆಳಿಗ್ಗೆ ಆಕಾಶ ನೀಲಿ ಇರುತ್ತದೆ, 11ಕ್ಕೆ ಹತ್ತಿಯಂಥ ಮೋಡ, 1ಕ್ಕೆ ಸಿಡಿಲು. ಮೋಡ ಮೇಲಕ್ಕೆ ಬೆಳೆಯುತ್ತಿದ್ದರೆ ಗುಡುಗಿಗೆ ಕಾಯದೆ ಇಳಿಯಿರಿ. ತುದಿಯಲ್ಲಿರುವ ಸ್ಮಾರಕ ಸ್ಟೀಲಿನದ್ದು ಎಂಬುದು ನೆನಪಿರಲಿ.

ಹಾವು, ಸಿಂಹ ಇವೆಯಂತೆ?

ಬುಡುಬುಡಿಕೆ ಹಾವು ಇದೆ. ಅದಕ್ಕೆ ನಿಮ್ಮ ಸಹವಾಸ ಬೇಡ. ಕಾಣದ ಕಡೆ ಕೈ ಕಾಲು ಇಡಬೇಡಿ, ಇಯರ್‌ಫೋನ್ ತೆಗೆದಿಡಿ, ಸದ್ದು ಕೇಳಿದರೆ ನಿಂತು ಹಿಂದೆ ಸರಿಯಿರಿ. ಮೌಂಟನ್ ಲಯನ್ ಇದೆ, ಕಾಣುವುದು ಅಪರೂಪ. ನಿಜವಾಗಿ ರಕ್ತ ಬರಿಸುವುದು ಕತ್ತಾಳೆ ಜಾತಿಯ ಲೆಚುಗೀಯಾ ಗಿಡದ ಮುಳ್ಳು. ದಾರಿ ಬಿಟ್ಟು ಹೋದರೆ ಪ್ಯಾಂಟಿನೊಳಗೇ ನುಗ್ಗುತ್ತದೆ.

ತುದಿಯಲ್ಲಿ ಏನಿದೆ?

ಆಳೆತ್ತರದ ಮೂರು ಮುಖದ ಸ್ಟೀಲ್ ಪಿರಮಿಡ್. ಬಟರ್‌ಫೀಲ್ಡ್ ಅಂಚೆ ದಾರಿಗೆ ನೂರು ವರ್ಷ ತುಂಬಿದ ನೆನಪಿಗೆ 1958ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇಡಿಸಿದ್ದು. ಬೆಟ್ಟದ ನೆತ್ತಿ ಮೇಲೆ ವಿಮಾನ ಕಂಪನಿಯ ಗುರುತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಆದರೆ ಫೋಟೋ ಎಲ್ಲರೂ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ಹೆಸರು ಬರೆಯುವ ಪುಸ್ತಕ ಇರುತ್ತದೆ, ಕನ್ನಡದಲ್ಲೇ ಬರೆಯಿರಿ.

ದಕ್ಷಿಣಕ್ಕೆ ನೋಡಿದರೆ ಎಲ್ ಕ್ಯಾಪಿಟನ್ ಬಂಡೆಯ ತಲೆ ನಿಮ್ಮ ಕೆಳಗಿರುತ್ತದೆ. ಹೆದ್ದಾರಿಯಿಂದ ನೋಡುವಾಗ ಅದೇ ಎಲ್ಲಕ್ಕಿಂತ ಎತ್ತರ ಅನ್ನಿಸಿರುತ್ತದೆ. ಪಶ್ಚಿಮದ ಬಯಲಿನಲ್ಲಿ ಬೆಳ್ಳಗೆ ಹೊಳೆಯುವುದು ಉಪ್ಪಿನ ನೆಲ. ಎಲ್ಲರೂ ಬಾಚಿಕೊಳ್ಳುತ್ತಿದ್ದ ಆ ಉಪ್ಪು ತನ್ನದೆಂದು ಒಬ್ಬ ಹಕ್ಕು ಸಾಧಿಸಲು ಹೋಗಿ 1877ರಲ್ಲಿ ದೊಡ್ಡ ಜಗಳವೇ ಆಯಿತು, ಜನ ಸತ್ತರು. ಚರಿತ್ರೆಯಲ್ಲಿ ಅದಕ್ಕೆ ಉಪ್ಪಿನ ಯುದ್ಧ ಎಂದೇ ಹೆಸರು.

## ಇನ್ನೂ ಸ್ವಲ್ಪ ಮುಂದಕ್ಕೆ

ರಾಜ್ಯೋತ್ಸವಕ್ಕೆ ಬಾವುಟ ಹಿಡ್ಕೊಂಡು ಹೋಗ್ಬೇಕು ಅಂತಿದೀವಿ. ಏನಾದ್ರೂ ತೊಂದರೆ ಇದೆಯಾ?

ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳಲು ಏನೂ ತೊಂದರೆ ಇಲ್ಲ. ಪಿರಮಿಡ್‌ಗೆ ಕಟ್ಟುವುದು, ಸ್ಟಿಕ್ಕರ್ ಅಂಟಿಸುವುದು ಬೇಡ. ಡ್ರೋನ್ ನ್ಯಾಷನಲ್ ಪಾರ್ಕ್‌ಗಳಲ್ಲಿ ನಿಷಿದ್ಧ.

ಅದೇ ವಾರ ಮೆಕಿಟ್ರಿಕ್ ಕಣಿವೆಯ ಮೇಪಲ್ ಮರಗಳು ಕೆಂಪಾಗುತ್ತವೆ, ವರ್ಷದಲ್ಲೇ ಹೆಚ್ಚು ಜನ ಬರುವ ಕಾಲ. ಪಾರ್ಕಿಂಗ್ ಬೇಗ ತುಂಬುತ್ತದೆ. ಇನ್ನೊಂದು ವಿಷಯ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅದಾದ ಮೇಲೆ ಸಂಜೆ 5 ದಾಟಿದ ಕೂಡಲೇ ಸೂರ್ಯ ಮುಳುಗುತ್ತಾನೆ. ದೊಡ್ಡ ಗುಂಪು ಯಾವಾಗಲೂ ನಿಧಾನ. ಕೊನೆಯಲ್ಲಿ ನಡೆಯುವವರ ಜೊತೆ ಅನುಭವ ಇರುವ ಒಬ್ಬರು ಇರಬೇಕು.

ಒಬ್ಬನೇ ಹೋಗಬಹುದಾ?

ದಾರಿ ಸ್ಪಷ್ಟವಾಗಿದೆ, ವಾರಾಂತ್ಯದಲ್ಲಿ ಜನ ಇರುತ್ತಾರೆ, ಹಾಗಾಗಿ ಹೋಗಬಹುದು. ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಮನೆಯಲ್ಲಿ ಒಬ್ಬರಿಗೆ ಯಾವ ದಾರಿ, ಎಷ್ಟು ಗಂಟೆಗೆ ಇಳಿಯುತ್ತೇನೆ, ಎಷ್ಟರೊಳಗೆ ಫೋನ್ ಬರದಿದ್ದರೆ ಪಾರ್ಕಿಗೆ ತಿಳಿಸಬೇಕು ಎಂದು ಬರೆದು ಕಳಿಸಿ. ಸಹಾಯ ಬರುವವರೂ ನಡೆದೇ ಬರಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ.

ಎಲ್ ಕ್ಯಾಪಿಟನ್ ಮೇಲಕ್ಕೂ ಹತ್ತಬಹುದಾ?

ಅದರ ತಲೆಗೆ ಗುರುತು ಮಾಡಿದ ದಾರಿ ಇಲ್ಲ. ಕಲ್ಲು ಪುಡಿಯಾಗುವಂಥದ್ದು, ಹಿಡಿದದ್ದು ಕೈಗೇ ಬರುತ್ತದೆ. ಅದರ ಬುಡ ಸುತ್ತಿ ಉಪ್ಪಿನ ಬಯಲಿನ ನೋಟಕ್ಕೆ ಹೋಗುವ ದಾರಿ ಇದೆ, ಸುಮಾರು 11 ಮೈಲಿ. ಬಿಸಿಲಿಲ್ಲದ ತಿಂಗಳಲ್ಲಿ ಅದು ಚೆನ್ನ.

ಗ್ವಾಡಲೂಪ್ ಆಯ್ತು. ಮುಂದೆ ಯಾವುದು?

ಅದೇ ಪಾರ್ಕಿಂಗ್‌ನಿಂದ ಹಂಟರ್ ಪೀಕ್, 8,368 ಅಡಿ. ಸುತ್ತು ದಾರಿ ಸುಮಾರು 9 ಮೈಲಿ. ನನಗೆ ಇದೇ ಜಾಸ್ತಿ ಇಷ್ಟ, ಏಕೆಂದರೆ ಮೇಲೆ ಹೋದ ಮೇಲೆ ದಿ ಬೌಲ್ ಎಂಬ ಕಾಡಿನೊಳಗೆ ನಡೆಯಬಹುದು. ಬೇರ್ ಕ್ಯಾನ್ಯನ್ ಕಡೆಯಿಂದ ಹತ್ತಿ ತೇಹಾಸ್ ಟ್ರೇಲ್‌ನಲ್ಲಿ ಇಳಿಯಿರಿ. ಬೇರ್ ಕ್ಯಾನ್ಯನ್ ತುಂಬಾ ಕಡಿದು, ಅದರಲ್ಲಿ ಇಳಿಯುವುದು ಮೊಣಕಾಲಿಗೆ ಶಿಕ್ಷೆ. ಟೆಕ್ಸಾಸ್‌ನ ಎರಡನೇ ಎತ್ತರದ ಬುಷ್ ಮೌಂಟನ್, 8,631 ಅಡಿ, ಇನ್ನೂ ದೂರ. ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ, ನಾನಾದರೆ ಮೇಲೆ ಟೆಂಟ್ ಹಾಕುವ ಪರ್ಮಿಟ್ ತೆಗೆದುಕೊಂಡು ಎರಡು ದಿನದಲ್ಲಿ ಮಾಡಿ ಅನ್ನುತ್ತೇನೆ. ಅಲ್ಲೂ ಮೇಲೆ ನೀರಿಲ್ಲ, ಎರಡೂ ದಿನದ ನೀರನ್ನು ಹೊತ್ತೇ ಹತ್ತಬೇಕು.